ತಿದ್ದಿದ ತಿಂಗಳು

ನನ್ನ ಹಾಸಿಗೆಯ ತಲೆದೆಸೆಯಲ್ಲೊಂದು ಹಳೆಯ ಮೊಬೈಲು ಇದೆ, ಮಿತ್ರರೇ. ಅದರ ಗಾಜು ಒಡೆದಿದೆ, ದನಿ ಒಡೆದಿಲ್ಲ. ರಾಯಚೂರಿನ ಧಗೆ ನಡುರಾತ್ರಿಯಾದರೂ ಗೋಡೆಯಿಂದ ಇಳಿಯದೆ, ನಿದ್ದೆ ಹೊಸ್ತಿಲವರೆಗೆ ಬಂದು ಹಿಂದಿರುಗಿದಾಗ, ನಾನು ಅದರಲ್ಲಿ ಒಂದೇ ಹಾಡನ್ನು ಮತ್ತೆ ಮತ್ತೆ ಹಚ್ಚುತ್ತೇನೆ. ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಹಳ್ಳಿಯಲ್ಲಿ, ಕೃಷ್ಣೆಯ ದಂಡೆಯ ಮೇಲೆ ಕುಳಿತು ಹೆಂಗಸರು ಹಾಡಿದ್ದನ್ನು ಪರಿಚಿತರೊಬ್ಬರು ಧ್ವನಿಮುದ್ರಿಸಿ ಕಳುಹಿಸಿದ್ದರು. ‘ತಿಂಗಳವ್ವ, ನಿಂತು ನೋಡ’ ಎಂಬುದು ಪಲ್ಲವಿ. ವರ್ಷಗಟ್ಟಲೆ ವ್ಯಾಕರಣ ಕಲಿಸಿದ ನನಗೆ ಆ ‘ನೋಡ’ದ ತುದಿಯಲ್ಲಿ ಉಕಾರವಿಲ್ಲದ್ದು ಚುಚ್ಚಬೇಕಿತ್ತು, ಚುಚ್ಚಲಿಲ್ಲ. ತಿಂಗಳೆಂದರೆ ಮಾಸವೂ ಹೌದು, ಚಂದ್ರನೂ ಹೌದು. ಆ ಚಂದ್ರನನ್ನೇ ‘ಅವ್ವ’ ಎಂದು ಕರೆದು ಲಿಂಗವ್ಯವಸ್ಥೆಯನ್ನು ಅಲುಗಿಸಿದ ಆ ಹೆಂಗಸರ ಧೈರ್ಯಕ್ಕೆ ಕತ್ತಲಲ್ಲಿ ತಲೆದೂಗುತ್ತಿದ್ದೆ.

ಕಳೆದ ವಾರ ಮಾನ್ವಿ ಕಡೆಯ ಮಲ್ಲಟದಿಂದ ಒಬ್ಬ ತರುಣಿ ಮನೆಗೆ ಬಂದಳು. ನಾನು ಅಲ್ಲಿ ಮಾಸ್ತರನಾಗಿದ್ದಾಗ ಒಂದನೆಯ ತರಗತಿಗೆ ಸೇರಿದ್ದವಳು. ಅವಳಿಗೆ ನರ್ಸಿನ ನೌಕರಿ ಸಿಕ್ಕಿತ್ತು. ಆದರೆ ಅಂಕಪಟ್ಟಿಯಲ್ಲಿ ಚಂದ್ರಮ್ಮ, ಆಧಾರ್ ಕಾರ್ಡಿನಲ್ಲಿ ತಿಂಗಳವ್ವ. ಇಬ್ಬರೂ ಒಬ್ಬಳೇ ಎಂದು, ಅಂದು ಹೆಸರು ಬರೆದುಕೊಂಡ ಶಿಕ್ಷಕನ, ಎಂದರೆ ನನ್ನ, ಪತ್ರವನ್ನು ಮರುದಿನ ಸಲ್ಲಿಸದಿದ್ದರೆ ನೌಕರಿ ಬೇರೆಯವರ ಪಾಲು.

ತಿಂಗಳವ್ವ! ಈ ಹೆಸರು ಎಲ್ಲಿಂದ ಬಂತೆಂದು ಕೇಳಿದೆ.

“ನಮ್ಮವ್ವ ಗದ್ದ್ಯಾಗ ನಾಟಿ ಹಚ್ಚಾಗ ಹಾಡ್ತಿದ್ಲುರೀ ಸರ, ‘ತಿಂಗಳವ್ವ, ನಿಂತು ನೋಡ’ ಅಂತ. ಅದ್ರಾಗಿಂದ ತಗದು ಇಟ್ಲು. ನೀವು, ‘ಯಾವ ತಿಂಗಳವ್ವಬೇ? ಪಗಾರ ಬರೋ ತಿಂಗಳೇನು?’ ಅಂದ್ರಿ. ಇಡೀ ಸಾಲೀನ ನಕ್ಕಿತ್ತು. ನೀವು ಚಂದ್ರಮ್ಮ ಅಂತ ಬರಕೊಂಡ್ರಿ.”

ಮರೆತಿದ್ದೆನೆಂದು ಬರೆದರೆ ಸುಳ್ಳಾದೀತು. ಆ ತಾಯಿ ನಗದೆ ನಿಂತಿದ್ದುದೂ ನೆನಪಿದೆ.

ತರುಣಿ ಬೆಳಿಗ್ಗೆ ಬರುವೆನೆಂದು ಸಂಬಂಧಿಕರ ಮನೆಗೆ ಹೋದಳು. ‘ಕೈತಪ್ಪಿನಿಂದ ಬೇರೆ ಹೆಸರು ದಾಖಲಾಗಿದೆ’ ಎಂದು ಪತ್ರ ಬರೆದು ಮಲಗಿದೆ. ವಾಕ್ಯ ನಿರ್ದುಷ್ಟವಾಗಿತ್ತು, ನಿಜವಾಗಿರಲಿಲ್ಲ. ಹಾಡು ಹಚ್ಚಿದರೆ ‘ನಿಂತು ನೋಡ’ ಎಂಬುದು ಈಗ ಆಕಾಶದತ್ತ ಹೋಗದೆ ನನ್ನತ್ತಲೇ ತಿರುಗಿತ್ತು. ಆರಿಸಿದೆ, ಹಚ್ಚಿದೆ, ಮಗ್ಗುಲು ಬದಲಿಸಿದೆ, ಎದ್ದು ನೀರು ಕುಡಿದೆ. ಯಾವ ಹೆಸರಿಗೆ ಹಾಡಿನಲ್ಲಿ ಮಾರುಹೋಗಿದ್ದೆನೋ ಅದನ್ನೇ ಒಂದು ಮಗುವಿನ ಮೈಮೇಲೆ ಕಂಡಾಗ ಗ್ರಾಮ್ಯವೆಂದು ಹೊಡೆದುಹಾಕಿದ್ದೆ. ಕೊನೆಗೆ ಪತ್ರ ಹರಿದು ಹೊಸದು ಬರೆದೆ: ‘ಪಾಲಕರು ಹೇಳಿದ ಹೆಸರನ್ನು ಅವರ ಒಪ್ಪಿಗೆಯಿಲ್ಲದೆ ನಾನೇ ತಿದ್ದಿದೆ.’

ಬೆಳಿಗ್ಗೆ ಅವಳು ನಿಂತೇ ಓದಿದಳು.

“ಸರ, ಒಂದು ಶಬ್ದ ತಪ್ಪಾಗ್ಯದರೀ.”

“ನಾ ಬರದದ್ರಾಗ?”

“‘ತಿದ್ದಿದೆ’ ಅಂತ ಬರದೀರಿ. ತಪ್ಪಿದ್ರ ತಿದ್ತಾರ್ರೀ. ನನ್ನ ಹೆಸರಾಗ ತಪ್ಪೇನಿತ್ತು?” ಎಂದವಳು ನನ್ನ ಮುಖ ನೋಡಿ ನಕ್ಕಳು. “‘ಕೆಡಿಸಿದೆ’ ಅಂತ ಬರೀರಿ ಅನ್ನಂಗಿಲ್ಲ ತಗೋರಿ. ‘ಬದಲಿಸಿದೆ’ ಅಂದ್ರ ಸಾಕು.”

ಆ ಶಬ್ದವನ್ನು ಹೊಡೆದು, ಮೇಲೆ ಅವಳು ಹೇಳಿದ್ದನ್ನು ಬರೆದು, ತಿದ್ದುಪಡಿಯ ಪಕ್ಕದಲ್ಲಿ ನಿಯಮದಂತೆ ಸಹಿ ಮಾಡಿದೆ.