ಗುಡ್ಡದ ದಫ್ತರ ಓದಿದ ಕಾಕು

ಇದರಲ್ಲಿ ನಡೆದದ್ದು ಎಷ್ಟು, ನಾನು ಆಮೇಲೆ ಕೂಡಿಸಿಕೊಂಡದ್ದು ಎಷ್ಟು ಎಂದು ಖಾತ್ರಿಯಾಗಿ ಹೇಳಲಾರೆ. ಇತಿಹಾಸದಲ್ಲಿ ಎಂ.ಎ. ಮಾಡಿದವನ ಬಾಯಲ್ಲಿ ಇಂಥ ಮಾತು ಬರಬಾರದು. ಆದರೆ ಆಧಾರವೆಲ್ಲ ಬೂದಿಯಾದ ಮೇಲೆ ನೆನಪನ್ನು ಎಷ್ಟು ನಂಬುವುದು?

ಹೋದ ವಾರ ತಂಗಿಯ ಮನೆಗೆ ಹೋಗಿದ್ದೆ. ಮೊಮ್ಮಗುವಿಗೆ ತೇಯ್ದು ನೆಕ್ಕಿಸಲು ಆಕೆ ಬಜೆ ಬೇರನ್ನು ದೀಪಕ್ಕೆ ಹಿಡಿದು ಸುಡುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ದೇವಿಕೊಪ್ಪದ ಆಚೆಗಿನ ನಮ್ಮ ಊರು, ಧಣಿಯ ಬಚ್ಚಲಮನೆಯ ಹೊಗೆ, ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತ ಕಾಕು... ಎಲ್ಲ ಒಟ್ಟಿಗೇ ಬಂದವು.

ಕಾಕು ನಮ್ಮ ಬಾಜೂ ಮನೆಯವಳು; ಚಿಕ್ಕಮ್ಮನಂತಿದ್ದಳೆಂದು ಕಾಕು ಅನ್ನುತ್ತಿದ್ದೆವು. ಆಕೆಯ ಗಂಡ ಗುಡ್ಡದ ಇಳಿಜಾರಿನಲ್ಲಿ ಮಾವಿನ ಗಿಡ ಹಚ್ಚಿ, ಕೆಳಗಿನ ಹಳ್ಳದಿಂದ ನೀರು ಹೊತ್ತು ಬೆಳೆಸಿದ್ದ. ಅವನ ಅಪ್ಪ, ಅಜ್ಜ ಅದೇ ಜಾಗದಲ್ಲಿ ರಾಗಿ ಬಿತ್ತಿದವರು. ಗಿಡಗಳು ಫಲಕ್ಕೆ ಬಂದ ವರ್ಷ ಊರ ಜಮೀನ್ದಾರನಾದ ಧಣಿ ಗುಡ್ಡಕ್ಕೆಲ್ಲ ತಂತಿ ಬೇಲಿ ಹಾಕಿಸಿದ. ಗುಡ್ಡ ತನ್ನ ಮನೆತನದ್ದು ಎಂದ. ಕೇಳಲು ಹೋದ ಗಂಡ-ಹೆಂಡತಿ ಇಬ್ಬರನ್ನೂ ಅಂಗಳದಲ್ಲೇ ನಿಲ್ಲಿಸಿ, "ಕಾಗದ ಐತೇನ್ಲೇ? ಇದ್ರ ತೋರ್ಸು. ಇಲ್ಲಂದ್ರ ಗುಡ್ಡದ ಕಡೆ ಮಾರಿ ಮಾಡಬ್ಯಾಡ" ಎಂದನಂತೆ.

ಕಾಗದವೆಲ್ಲ ಇದ್ದದ್ದು ಅವನ ಮನೆಯಲ್ಲೇ. ಆ ಗುಡ್ಡಸಾಲಿನ ಹಳೆಯ ಕಾಗದಪತ್ರಗಳ ದಫ್ತರ ತಲೆಮಾರುಗಳಿಂದ ಅವರ ದೇವರ ಕೋಣೆಯಲ್ಲಿತ್ತು. ಕೆಂಪು ಬಟ್ಟೆಯ ಗಂಟು, ಹುಳ ಹಿಡಿಯದಂತೆ ಪದರ ಪದರಕ್ಕೂ ಬಜೆ ಬೇರು. ದಸರೆಯ ಖಂಡೇ ಪೂಜೆಯ ದಿನ ಕತ್ತಿ ಕುಡುಗೋಲಿನ ಜೊತೆ ಅದಕ್ಕೂ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ಬಿಸಿಲಿಗೆ ಹಾಕಿ ಮತ್ತೆ ಕಟ್ಟುತ್ತಿದ್ದರು. ಓದುತ್ತಿರಲಿಲ್ಲ. ಹಿಂದಿನ ಕಾಲದ ಕಚೇರಿಗಳಲ್ಲಿ ಮರಾಠಿ ಬರೆಯುತ್ತಿದ್ದ ಮೋಡಿ ಅಕ್ಷರ ಅದು. ಧಣಿಗೆ ಅದರಲ್ಲಿ ತನ್ನ ಹೆಸರೂ ಗುರುತು ಸಿಗುತ್ತಿರಲಿಲ್ಲ.

ಕಾಕುವಿನ ಗಂಡ ಮತ್ತೆ ಗುಡ್ಡದ ಕಡೆ ತಿರುಗಿ ನೋಡಲಿಲ್ಲ. ಮಾವು ಮಾರುವವರು ಓಣಿಗೆ ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ಹಾಗೇ ಸೊರಗಿ ತೀರಿಕೊಂಡ. ಕಾಕು ಅತ್ತದ್ದು ನನಗೆ ನೆನಪಿಲ್ಲ. ಅತ್ತಿರಲೂಬಹುದು...

ಕೆಲವು ವರ್ಷಗಳ ಮೇಲೆ ಧಣಿಗೆ ಹೆಸರಿನ ಹುಚ್ಚು ಹಿಡಿಯಿತು. ಗುಡ್ಡದ ಮೇಲಿನ ಕೆರೆಯನ್ನು ತನ್ನ ಮುತ್ತಜ್ಜ ಕಟ್ಟಿಸಿದನೆಂದು ದಾರಿಗೆ ಕಮಾನು ಕಟ್ಟಿಸುವುದು, ಅದರ ಅಡಿಗಲ್ಲಿನ ದಿನ ದಫ್ತರವನ್ನು ಊರ ಮುಂದೆ ಓದಿಸುವುದು ಎಂದು ನಿಶ್ಚಯವಾಯಿತು. ಓದುವವರು ಯಾರು? ಕಾಕುವಿನ ಅಪ್ಪ ಹಳೆಯ ಕಾಲದ ಕಾರಕೂನ, ಮಗಳಿಗೆ ಮೋಡಿ ಕಲಿಸಿದ್ದ. ಸುತ್ತಿನಲ್ಲಿ ಉಳಿದವಳು ಆಕೆ ಒಬ್ಬಳೇ. ಧಣಿ ತಾನೇ ಆಕೆಯ ಮನೆಗೆ ಬಂದ. ಆಗಷ್ಟೇ ಯುನಿವರ್ಸಿಟಿ ಮುಗಿಸಿದ್ದ ನಾನು ಬರೆದುಕೊಳ್ಳುವವನಾಗಿ ಅವನ ಬೆನ್ನಿಗಿದ್ದೆ.

"ಬರ್ರಿ ಧಣ್ಯಾರ, ದಾರಿ ತಪ್ಪಿ ಬಂದ್ರೇನು? ಚಾ ಮಾಡ್ಲ್ಯಾ?"

"ಚಾ ಇರ್ಲಿ. ದಫ್ತರ ಓದಬೇಕಾಗೇತಿ."

"ಓದತೇನ್ರಿ. ಆದ್ರ ಅದರಾಗ ಇದ್ದದ್ದ ಓದಾಕಿ. ಆಮ್ಯಾಲೆ ಸಿಟ್ಟಾಗಬಾರ್ದು."

"ನಮ್ಮ ಮನೆತನದಾಗ ಮುಚ್ಚಿಡೂವಂಥಾದ್ದು ಏನೈತಿ? ಓದ್ರಿ ಧೈರ್ಯದಿಂದ."

ಮುಂದಿನ ಮಧ್ಯಾಹ್ನಗಳಲ್ಲಿ ಧಣಿಯ ಪಡಸಾಲೆಯಲ್ಲಿ ಗಂಟು ಬಿಚ್ಚಿದೆವು. ಆಕೆ ಓದಿ ಕನ್ನಡದಲ್ಲಿ ಹೇಳುವಳು, ನಾನು ಬರೆಯುವೆ. ಘಟ್ಟ ಇಳಿಯುವ ದಾರಿ, ಹೇರಿನ ಎತ್ತುಗಳು ಸಾಗಿದ ಕಣಿವೆ, ಪಹರೆ ಕೂರುತ್ತಿದ್ದ ಬಂಡೆ, ಯಾವ ಊರಿನ ದನ ಯಾವ ಇಳಿಜಾರಿನಲ್ಲಿ ಮೇಯಬೇಕು, ಯಾವ ಮರದ ಜೇನು ಯಾರದು... ಒಂದು ಇಡೀ ಗುಡ್ಡಗಾಡಿನ ಬದುಕು ಆ ಬಜೆ ವಾಸನೆಯ ಹಾಳೆಗಳಿಂದ ಎದ್ದು ಬರುತ್ತಿತ್ತು. ನನಗೆ ಹಸಿವೆ ಆಗುತ್ತಿರಲಿಲ್ಲ. ಒಮ್ಮೆ ಒಂದು ಹಾಳೆ ಹಿಡಿದವಳು ಅದನ್ನು ಮತ್ತೆ ಮತ್ತೆ ಮೇಲಿನಿಂದ ಕೆಳಗೆ ತನ್ನಷ್ಟಕ್ಕೇ ಓದಿಕೊಂಡಳು. "ಏನೈತಿ ಕಾಕು?" ಎಂದೆ. "ಕಣ್ಣು ಮಂಜಾಗ್ಯಾವಪಾ, ನೀರು ಕೊಡು" ಎಂದಳು. ಆ ಹಾಳೆಯನ್ನು ಗಂಟಿನ ಮೇಲ್ಗಡೆಗೇ ಇಟ್ಟಳು. ಇಟ್ಟಳು ಎಂದೇ ನನ್ನ ನೆನಪು.

ಓದುವ ದಿನ ಮಠದ ಅಂಗಳ ತುಂಬಿತ್ತು. ಧಣಿ ಹೊಸ ರುಮಾಲು ಸುತ್ತಿಕೊಂಡು, "ಇವರು ಓದಿದ್ದ ಖರೇ. ಇದಕ್ಕ ಎರಡನೇ ಮಾತಿಲ್ಲ" ಎಂದು ತಾನೇ ಸಾರಿದ. ಕಾಕು ಮೇಲಿನ ಹಾಳೆ ತೆಗೆದು ಬೆಳಕಿಗೆ ಹಿಡಿದಳು. ನಾನು ಒಂದು ಫೋಟೋ ಹೊಡೆದೆ. ಆಕೆ ಏರುದನಿಯಲ್ಲಿ ಓದಿದಳು. ಧಣಿಯ ಮುತ್ತಜ್ಜ ಹೇಳದೆ ಕೇಳದೆ ಗುಡ್ಡದ ಸಾಗವಾನಿ ಕಡಿದು ಮಾರಿದ್ದಕ್ಕೆ ಸಿಕ್ಕಿಬಿದ್ದನಂತೆ. ಅದಕ್ಕೆ ಶಿಕ್ಷೆಯಾಗಿ ತಲೆಯ ರುಮಾಲು ತೆಗೆದಿಟ್ಟು, ಊರು ನೋಡುತ್ತಿರುವಾಗ ತನ್ನ ಕೈಯಿಂದಲೇ ಕೆರೆಯ ಮಣ್ಣು ಹೊರಬೇಕು ಎಂದು ಅಪ್ಪಣೆಯಾಗಿತ್ತಂತೆ.

ಹಿಂದಿನಿಂದ ಯಾರೋ, "ಅಂದ್ರ ಕೆರಿ ಕಟ್ಟಿಸಿಲ್ಲ ಬಿಡ್ರಿ, ಬುಟ್ಟಿ ಹೊತ್ತಾನ!" ಎಂದರು.

"ಅದೂ ರುಮಾಲಿಲ್ದ ಬರೇ ತಲೀಲೆ!"

"ಲೇ, ಸುಮ್ಮ ಕುಂದ್ರಲೇ, ಮುಂದಿಂದು ಕೇಳೂಣು!"

ನಗೆ ಗೋಡೆ ದಾಟಿ ಓಣಿಗೆ ಹೋಯಿತು. ಧಣಿಯ ಕೈ ತಾನಾಗಿ ರುಮಾಲಿಗೆ ಹೋದದ್ದನ್ನು ನಾನು ನೋಡಿದೆ. ಅದನ್ನು ನೆನೆದರೆ ಈಗಲೂ ನನ್ನ ಎದೆ ತಣ್ಣಗಾಗುತ್ತದೆ. ಧಣಿಗೆ ಅದು ಸುಳ್ಳು ಎನ್ನುವಂತಿಲ್ಲ, ಓದಿ ತೋರಿಸಲು ಬರುವುದಿಲ್ಲ. ಗಂಟು ಸುತ್ತಿ ಬಗಲಲ್ಲಿ ಇರುಕಿಕೊಂಡು ಹೋದ.

ಮರುದಿನ ಬೆಳಿಗ್ಗೆ ಅವನ ಬಚ್ಚಲಮನೆಯಿಂದ ದಟ್ಟ ಹೊಗೆ ಏಳುತ್ತಿತ್ತು. ಓಣಿ ತುಂಬ ಬಜೆಯ ಘಾಟು. ಕಾಕು ಕಟ್ಟೆಯ ಮೇಲೆ ಕುಳಿತು ಮೂಗು ಮೇಲೆತ್ತಿ, "ಬಜಿ ವಾಸನಿ ಬರಾಕತ್ತೈತಿ ನೋಡು. ಯಾರ ಮನ್ಯಾಗರ ಕೂಸು ಹುಟ್ಟೇತೇನು?" ಎಂದಳು.

"ಕಾಕು, ದಫ್ತರ ಸುಡಾಕತ್ತಾನ! ಬಾ, ಓಡೂಣು, ಬಿಡಿಸೂಣು!"

"ಸುಡ್ಲಿ."

"ಗುಡ್ಡದ ಇತಿಹಾಸ ಹೋಗತೈತಿ..."

"ಅವನ ಕೈಲೇ ಹೋಗ್ಲಿ."

ನಾನು ಓಡಿದೆ. ಹಂಡೆಯ ಒಲೆಯ ಬಾಯಲ್ಲಿ ಕೆಂಪು ಬಟ್ಟೆಯ ಚುಂಗು ಮಾತ್ರ ಉಳಿದಿತ್ತು. ನನ್ನ ವಹಿಯಲ್ಲಿದ್ದ ನಕಲುಗಳಿಗೂ ಇನ್ನು ಬೆಲೆಯಿರಲಿಲ್ಲ. ಕಾಕು ಯಾವುದನ್ನು ಇದ್ದಂತೆ ಓದಿದಳು, ಯಾವುದನ್ನು ತಿರುವಿದಳು ಎಂದು ಒರೆಗೆ ಹಚ್ಚಲು ಮೂಲವೇ ಇಲ್ಲ. ಕಾಗದ ಸುಟ್ಟರೆ ಅಳಬೇಕಾದ ವಿದ್ಯೆ ನನ್ನದು. ಅತ್ತೆ ಕೂಡ. ಆದರೆ ಅಳುವಿನ ಅಡಿಯಲ್ಲಿ ಒಂದು ಸುಖವೂ ಇತ್ತು.

ಮುಂದೆ ಗುಡ್ಡದ ಅಳತೆಗೆ ಸರ್ಕಾರದವರು ಬಂದರು. ಮನೆತನದ ಹಕ್ಕಿಗೆ ಹಳೆಯ ಕಾಗದ ಏನಿದ್ದರೂ ತನ್ನಿ ಎಂದು ಸಾಹೇಬರು ಧಣಿಯನ್ನು ಕೇಳಿದರು. ನೋಡಲು ನೆರೆದ ಜನರ ನಡುವಿನಿಂದ ಕಾಕು ಮೆತ್ತಗೆ, "ಕಾಗದ ತೋರಸ್ರಿ ಧಣ್ಯಾರ" ಎಂದಳು. ಇದು ಆಕೆ ಆಡಿದ ಮಾತೋ, ನಾನು ಆಕೆಯ ಬಾಯಲ್ಲಿ ಇಟ್ಟದ್ದೋ, ಆಣೆ ಮಾಡಿ ಹೇಳಲಾರೆ. ಗುಡ್ಡವಂತೂ ಅರಣ್ಯ ಇಲಾಖೆಗೆ ಸೇರಿತು. ಬೇಲಿ ಕಿತ್ತರು. ಮಾವಿನ ಗಿಡಗಳೂ ಅದರೊಳಗೇ ಹೋದವು, ಮಂಗಗಳ ಪಾಲಾದವು. ಕಾಕುವಿಗೆ ಒಂದು ಗೇಣು ಜಾಗವೂ ಬರಲಿಲ್ಲ. "ನಿನಗೇನ್ ಸಿಕ್ತು?" ಎಂದು ಕೇಳಿದೆ. "ಅವಗ ಸಿಗಲಿಲ್ಲಲ್ಲ" ಎಂದಳು.

ಈಗ ಕಾಕು ಇಲ್ಲ, ಧಣಿಯೂ ಇಲ್ಲ. ಕಮಾನಿನ ಎರಡು ಕಂಬ ಗಿಡಗಂಟಿಯಲ್ಲಿ ನಿಂತಿವೆ. ಆ ಗುಡ್ಡದ ಬಗ್ಗೆ ಯಾರಾದರೂ ಕೇಳಿದರೆ ತೋರಿಸಲು ನನ್ನ ಬಳಿ ಒಂದು ಫೋಟೋ ಬಿಟ್ಟು ಬೇರೇನೂ ಇಲ್ಲ.

ತಂಗಿಯ ಮನೆಯಿಂದ ಬಂದವನು ಅದನ್ನು ಹುಡುಕಿ ತೆಗೆದೆ. ಬೆಳಕಿಗೆ ಹಿಡಿದ ಹಾಳೆಯ ಅಕ್ಷರಗಳು ಸ್ಪಷ್ಟವಾಗಿ ಮೂಡಿವೆ. ದೊಡ್ಡದು ಮಾಡಿಸಿ ಧಾರವಾಡದಲ್ಲಿ ಮೋಡಿ ಬಲ್ಲ ಹಿರಿಯರೊಬ್ಬರಿಗೆ ತೋರಿಸಿದೆ. ನನ್ನ ಸಂಶಯದ ಬುದ್ಧಿ ಬಿಡಲಿಲ್ಲ, ಅವರು ಹೇಳಿದ್ದನ್ನು ತಿಳಿಸದೆ ಇನ್ನೊಬ್ಬರಿಂದಲೂ ಓದಿಸಿದೆ. ಇಬ್ಬರೂ ಓದಿದ್ದು ಒಂದೇ. ಕಾಕುವಿನ ಹೆಬ್ಬೆರಳು ಮುಚ್ಚಿದ ಸಾಲುಗಳಲ್ಲಿ ಏನಿತ್ತೋ ಗೊತ್ತಿಲ್ಲ, ಉಳಿದಂತೆ ಆ ಹಾಳೆಯಲ್ಲಿ ಕೆರೆಯ ಮಾತಿಲ್ಲ, ಸಾಗವಾನಿಯ ಮಾತಿಲ್ಲ, ಶಿಕ್ಷೆಯ ಮಾತಿಲ್ಲ. ಪಹರೆ ಬಂಡೆಯಿಂದ ಹಳ್ಳದವರೆಗಿನ ಇಳಿಜಾರನ್ನು ಆಕೆಯ ಗಂಡನ ಮನೆತನಕ್ಕೆ ವಂಶಪಾರಂಪರ್ಯವಾಗಿ ಕೊಟ್ಟಿದೆ ಎಂದಿದೆ.