ಕಲೆ ನಿಲ್ಲದ ನೆಲ

ಮಾರೇನಹಳ್ಳಿಯ ಟೈಲ್ಸ್ ಅಂಗಡೀಲಿ ಸೇಲ್ಸ್ ನನ್ನ ಕೆಲಸ. ಒಂದು ಭಾನುವಾರ ಗಂಡ-ಹೆಂಡತಿ ಹಾಲ್‌ಗೆ ಮರದ ಥರ ಕಾಣೋ ಟೈಲ್ಸ್ ನೋಡೋಕೆ ಬಂದ್ರು. ಜೊತೆಗೆ ಗಂಡನ ತಾಯಿ. ತೇಗದ ಬಣ್ಣವೋ ಬೀಟೆಯದೋ ಅಂತ ಅವರಿಬ್ಬರು ವಾದ ಮಾಡ್ತಿದ್ದಾಗ, ಆ ಅಮ್ಮ ನನ್ನ ಹತ್ರ ಬಂದು ಮೆಲ್ಲಗೆ ಕೇಳಿದ್ರು.

"ಇದರ ಮೇಲೆ ದೀಪದ ಎಣ್ಣೆ ಚೆಲ್ಲಿದ್ರೆ ಕಲೆ ಉಳಿಯುತ್ತೇನಪ್ಪ?"

"ದೇವರ ಮನೆಗೆ ಬೇರೆ ಟೈಲ್ಸ್ ಇದೆ ಅಮ್ಮ."

"ದೇವರ ಮನೆಗಲ್ಲ. ನಮ್ಮ ಯಜಮಾನ್ರು ಹೋದಾಗ ಹಾಲ್‌ನಲ್ಲೇ ಮಲಗಿಸಿದ್ವಿ. ತಲೆ ಹತ್ರ ಇಟ್ಟಿದ್ದ ದೀಪದ ಎಣ್ಣೇನ ಮೊಸಾಯಿಕ್ ಕುಡಿದುಬಿಟ್ಟಿದೆ. ಎಷ್ಟು ಉಜ್ಜಿದ್ರೂ ಹೋಗಲ್ಲ. ಸೊಸೆಗೆ ಆ ಜಾಗ ದಾಟೋಕೂ ಭಯ. ಅದಕ್ಕೇ ನೆಲ ಬದಲಾಯಿಸ್ತಿರೋದು."

ನಾನು ದಿನಾ ಹೇಳೋದನ್ನೇ ಒಪ್ಪಿಸಿದೆ. "ಇದರಲ್ಲಿ ಆ ಯೋಚನೆನೇ ಇಲ್ಲ ಅಮ್ಮ. ಒಂದ್ಸಲ ಬಟ್ಟೇಲಿ ಒರೆಸಿದ್ರೆ ಏನೂ ಇರಲ್ಲ."

ಅವರು ಸ್ಯಾಂಪಲ್ ಮೇಲೆ ಕೈಯಾಡಿಸಿದ್ರು. "ಒಳ್ಳೇದಾಯ್ತು ಬಿಡಪ್ಪ. ನನ್ನ ದೀಪದ್ದು ಒರೆಸೋಕೆ ಅವಳಿಗೆ ಕಷ್ಟ ಆಗಲ್ಲ."

ಕೊನೆಗೆ ತೇಗದ ಬಣ್ಣ ಅಂತ ತೀರ್ಮಾನ ಆಯ್ತು. ಹೊರಡೋ ಮುಂಚೆ ಮಗ ಇನ್ನೊಂದ್ಸಲ ಕೇಳಿದ. "ಕಲೆ ಉಳಿಯಲ್ಲ ತಾನೇ?"

ಅಮ್ಮ ಪಕ್ಕದಲ್ಲೇ ನಿಂತಿದ್ರು. ಗ್ಯಾರಂಟಿ ಕೊಡೋದಕ್ಕೇ ನನಗೆ ಸಂಬಳ. ಕೊಟ್ಟೆ.