ಸ್ಕೋಪ್ ಪಿಚ್ಚರಿನ ಬಲಗಡೆ

ಜವಳಗೇರಾದ ನಮ್ಮ ಗದ್ದೆಗೆ ಪೊಲೀಸ್ ಪಿಚ್ಚರ್ ತೆಗೆಯುವವರು ಬಂದಾಗ ನಾವು ಭತ್ತದ ಸಸಿ ಹಚ್ಚುತ್ತಿದ್ದೆವು. ಇನ್‌ಸ್ಪೆಕ್ಟರ್ ವೇಷದ ಹೀರೋ ಕಳ್ಳನನ್ನು ಗದ್ದೆಯೊಳಗೇ ಅಟ್ಟಿಸಿಕೊಂಡು ಬರಬೇಕು, ಹೆಂಗಸರು ಚೀರುತ್ತ ಕ್ಯಾಮೆರಾ ಕಡೆ ಓಡಬೇಕು. ಉಳಿದವರು ಓಡಿದರು. ಆಗತಾನೇ ಹಚ್ಚಿದ ಸಸಿಯ ಮೇಲೆ ಕಾಲಿಡಲು ನನಗೆ ಮನಸ್ಸಾಗಲಿಲ್ಲ. ಬಲಗಡೆಯ ಬದು ಹತ್ತಿ ನಿಂತು ಹೀರೋನನ್ನೇ ಬೈದೆ.

"ಲೇ ಪೊಲೀಸಾ, ಬೂಟ್ ಹಾಕ್ಕೊಂಡು ಸಸಿ ತುಳ್ಯಾಕತ್ತೀಯಲ್ಲ, ನೀ ಅನ್ನ ಉಣ್ಣಂಗಿಲ್ಲೇನು?"

ಡೈರೆಕ್ಟರಿಗೆ ಅದು ಹಿಡಿಸಿತು. ಹಾಗೇ ಇಟ್ಟುಕೊಂಡ.

ಪಿಚ್ಚರ್ ಲಿಂಗಸುಗೂರಿನ ಟಾಕೀಸಿಗೆ ಬಂತು. ನನ್ನ ಅತ್ತೆಗೆ ಟಾಕೀಸು ಅಂದರೆ ಆಗುತ್ತಿರಲಿಲ್ಲ. ಮನೆಯ ಸೊಸೆ ಗಂಡಸರ ನಡುವೆ ಕತ್ತಲಲ್ಲಿ ಕೂರುವುದೇ ಅವಳಿಗೆ ದೊಡ್ಡ ಅವಮಾನ. ಮಸ್ಕಿಯಲ್ಲಿದ್ದ ನನ್ನ ತವರಿಗೆ ಹೋಗಿಬರುತ್ತೇವೆ ಎಂದು ಹೇಳಿ ಗಂಡ ನನ್ನನ್ನು ಬಸ್ ಹತ್ತಿಸಿದರು. ಮಸ್ಕಿ ಬಂತು, ನಾವು ಇಳಿಯಲಿಲ್ಲ.

ಆ ಪರದೆಯ ಮೇಲೆ ನಾನಿದ್ದೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಸೊಂಟಕ್ಕೆ ಕೈಯಿಟ್ಟು, ಬಾಯಿ ತೆರೆದು. ದನಿ ಕೇಳಲಿಲ್ಲ, ಬರೀ ಹೊಡೆದಾಟದ ಬಾಜಾ. "ನೀನ ಅದೀ ನೋಡಬೇ!" ಎಂದು ಗಂಡ ನನ್ನ ತೋಳು ಹಿಡಿದು ಅಲ್ಲಾಡಿಸಿದರು.

ಮನೆಯಲ್ಲಿ ನಾದಿನಿ ನಗುತ್ತಿದ್ದಳು. "ನಿನ್ನ ಮಾರಿ ಯಾರ ಇಟ್ಗೊಂತಾರ ಅತ್ತಿಗಿ, ಕತ್ತರಿ ಹಾಕಿರ್ತಾರ."

"ಇಲ್ಲ, ನಾ ಅದೀನಿ."

"ನೀ ಯಾವಾಗ ನೋಡಿದಿ?"

ಟಾಕೀಸಿನ ಮಾತು ಎತ್ತುವಂತಿರಲಿಲ್ಲ. ಪಿಚ್ಚರಿನ ವಿಡಿಯೋ ಕ್ಯಾಸೆಟ್ ಬರಲಿ, ತೋರಿಸ್ತೀನಿ ಅಂದೆ. ಅವತ್ತಿನಿಂದ ಮನೆಯಲ್ಲಿ ನನಗೆ ಹೀರೋಯಿನ್ ಎಂದು ಹೆಸರು. ಕ್ಯಾಸೆಟ್ಟಿಗಾಗಿ ಕಾದೆ.

ಕೊನೆಗೂ ಬಂತು. ಸಿಂಧನೂರಿನ ಅಂಗಡಿಯವನು "ಒರಿಜಿನಲ್ ಪ್ರಿಂಟ್ ಯಮ್ಮಾ" ಎಂದು ಹೇಳಿ ಕೊಟ್ಟ. ಮನೆಯಲ್ಲೇ ನೋಡುವುದಕ್ಕೆ ಅತ್ತೆಯ ತಕರಾರಿರಲಿಲ್ಲ, ಅವಳೇ ಮುಂದೆ ಕೂತಳು. ಎಂಥ ಒರಿಜಿನಲ್ಲೋ, ಎಲ್ಲರ ಮುಖವೂ ಅರಿಸಿನ ಹಚ್ಚಿದ ಹಾಗೆ. ಕೆಳಗೆ ಯಾವುದೋ ಸೀರೆ ಅಂಗಡಿಯ ಜಾಹೀರಾತು ಓಡುತ್ತಿತ್ತು. ಗದ್ದೆ ಬಂತು. ಕಳ್ಳ ಓಡಿದ, ಹೀರೋ ಓಡಿದ, ಹೆಂಗಸರು ಓಡಿದರು. ಬದುವೇ ಬರಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆವು. ಅಂಚಿನಲ್ಲಿ ಒಂದು ಮೊಣಕೈ.

"ಈ ಮೊಣಕೈ ನಿಂದೇನು ಅತ್ತಿಗಿ? ಚಲೋ ಐತಿ ಬಿಡು," ಎಂದಳು ನಾದಿನಿ. ಎಲ್ಲರೂ ನಕ್ಕರು. ಗಂಡನೂ ನಕ್ಕರು.

ನನಗೆ ತಡೆಯಲಾಗಲಿಲ್ಲ. "ನೀವು ನೋಡೀರಲ್ರೀ, ಲಿಂಗಸುಗೂರಿನ ಟಾಕೀಸಿನ್ಯಾಗ. ಹೇಳ್ರಿ."

ಅತ್ತೆ ಮಗನ ಕಡೆ ತಿರುಗಿದಳು. "ಟಾಕೀಸಿಗೆ ಹೋಗಿದ್ದೇನೋ?"

"ಯಾವ ಟಾಕೀಸು ಯವ್ವಾ? ಮಸ್ಕಿಗೆ ಹೋಗಿದ್ವಿ. ಅಕಿಗೆ ತಲಿ ಕೆಟ್ಟೈತಿ."

ಟಿವಿ ನೋಡುತ್ತಲೇ ಅಂದರು. ನನ್ನ ಮುಖ ನೋಡಲಿಲ್ಲ.

ಮರುದಿನ ಸಿಂಧನೂರಿಗೆ ಹೋಗಿ ಅಂಗಡಿಯವನ ಮುಂದೆ ಕ್ಯಾಸೆಟ್ ಕುಕ್ಕಿದೆ. "ನಾ ಏನ್ ಮಾಡ್ಲಿ ಯಮ್ಮಾ, ಅದು ಸ್ಕೋಪ್ ಪಿಚ್ಚರ್," ಎಂದ. "ಪರದೆ ಉದ್ದ, ಟಿವಿ ಚೌಕ. ಎರಡೂ ಬಾಜೂ ಕಡಿದು ಕ್ಯಾಸೆಟ್ಟಿಗೆ ಹಾಕ್ತಾರ."

ಮನೆಗೆ ಬಂದು ಅದನ್ನೇ ಹೇಳಿದೆ. "ಈಗ ಟಿವಿನೂ ಸುಳ್ಳು ಹೇಳಾಕತ್ತೈತಿ ಅನ್ನು," ಎಂದಳು ನಾದಿನಿ. ಅತ್ತೆ ಅವತ್ತಿನಿಂದ ನಾನು ಏನೇ ಹೇಳಿದರೂ ಮತ್ತೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಹಾಲು ಉಕ್ಕಿತು ಅಂದರೂ ಎದ್ದು ಹೋಗಿ ನೋಡುತ್ತಿದ್ದಳು.

ಆ ವಾರ ಗಂಡ ದನದ ಕೊಟ್ಟಿಗೆಗೆ ಬಂದು ಮೆಲ್ಲಗೆ ಅಂದರು, "ಏನ್ ಮಾಡ್ಲಿ, ಯವ್ವ ಕುಂತಿದ್ಲು."

"ನಾನೂ ಕುಂತಿದ್ನಲ್ರೀ," ಎಂದು ಹೇಳಿ ಸಗಣಿ ಬಾಚುವುದನ್ನು ಮುಂದುವರಿಸಿದೆ.